ಬಾಗಿಲ ಪಕ್ಕದ ಕುರ್ಚಿ

ಹದಿನಾಲ್ಕು ವರ್ಷ ಬಿಸಿಲಲ್ಲಿ ಬೀದಿ ಸುತ್ತಿದ ಮೇಲೆ ಮನೆಮನೆ ಅಕ್ಕನಿಗೆ ಆಸ್ಪತ್ರೆಯೊಳಗೊಂದು ಕುರ್ಚಿ ಸಿಕ್ಕಿತು. ಬಾಣಂತಿ, ಕೂಸು, ಸಕ್ಕರೆ ಕಾಯಿಲೆಯವರು ಎಂದು ಮನೆಮನೆ ಬಾಗಿಲು ತಟ್ಟುವವಳು, ಅದಕ್ಕೇ ಆ ಹೆಸರು. "ಇನ್ಮೇಲೆ ನೀವೂ ನಮ್ಮ ತಂಡದವ್ರೇ," ಎಂದು ಡಾಕ್ಟರು ಚಪ್ಪಾಳೆ ತಟ್ಟಿಸಿದರು. ಕುರ್ಚಿ ಇದ್ದದ್ದು ಬಾಗಿಲ ಪಕ್ಕ. ಮಂಗಳವಾರದ ಸಭೆಯಲ್ಲಿ ಅವಳ ಸರದಿ ಎಲ್ಲರದೂ ಮುಗಿದ ಮೇಲೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಅವಳ ಪಾಲಿನ ಬೀದಿಯ ದರ್ಜಿ ತಾತ ಸಕ್ಕರೆ ಮಾತ್ರೆಗಳನ್ನು ಗುಂಡಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದ. ನುಂಗಿದರೆ ತಲೆ ಸುತ್ತಿ ಸೂಜಿಗೆ ದಾರ ಪೋಣಿಸಲಾಗದು ಎಂಬ ಭಯ. ಡಾಕ್ಟರೆದುರು ಮಾತ್ರ, "ತಪ್ಪದೆ ತಗೋತಿದೀನಿ ಸ್ವಾಮಿ," ಎನ್ನುತ್ತಿದ್ದ. ಅಕ್ಕ ಮೂರು ವಾರ ಹೊಲಿಗೆ ಯಂತ್ರದ ಪಕ್ಕ ಕೂತು ಬೈದು, ರಮಿಸಿ, ಕೊನೆಗೊಂದು ಸೋಮವಾರ ತನ್ನ ಕಣ್ಣೆದುರೇ ಮಾತ್ರೆ ನುಂಗಿಸಿದಳು.

"ದಿನಾ ತಗೋಬೇಕು ತಾತ. ನನ್ನಾಣೆ."

"ಆಯ್ತು ತಾಯಿ, ನಿನ್ನ ಕಾಟ ತಪ್ಪಲಿ ಅಂತಾದ್ರೂ ತಗೋತೀನಿ."

ಮರುದಿನ ಸಭೆಯಲ್ಲಿ ಇದನ್ನು ಹೇಳಲು ಅವಳ ನಾಲಿಗೆ ತುರಿಸುತ್ತಿತ್ತು. ಸರದಿ ಬರುವಷ್ಟರಲ್ಲಿ ಹೊರಗೆ ರೋಗಿಗಳ ಸಾಲು ಬೆಳೆದಿತ್ತು. "ಪುಸ್ತಕದಲ್ಲಿ ಬರೆದಿಡಿ ಅಕ್ಕ, ನೋಡ್ತೀನಿ," ಎಂದು ಡಾಕ್ಟರು ಎದ್ದರು. ಬರೆದಳು: 'ದರ್ಜಿ ತಾತ ಇಷ್ಟು ದಿನ ಮಾತ್ರೆ ನುಂಗೇ ಇಲ್ಲ. ನಿನ್ನೆಯಿಂದ ಶುರು.' ಸಂಜೆ ಅದರ ಕೆಳಗೆ ಡಾಕ್ಟರ ಸಹಿ ಬಿದ್ದಿತ್ತು. ಸಹಿ ಹಾಕಿದವರು ಓದಿರುತ್ತಾರೆ ಎಂದು ನಂಬಿದ್ದೇ ಅವಳ ತಪ್ಪು. ಅಷ್ಟನ್ನೂ ನಂಬದೆ ಯಾರು ತಾನೇ ಕೆಲಸ ಮಾಡಿಯಾರು?

ಬುಧವಾರ ತಾತ ಆಸ್ಪತ್ರೆಗೆ ಹೋದ. ಡಾಕ್ಟರು ಹಿಂದಿನ ವಾರದ ರಕ್ತ ಪರೀಕ್ಷೆಯ ಚೀಟಿ ನೋಡಿದರು. ಸಕ್ಕರೆ ಇಳಿದೇ ಇಲ್ಲ, ಈ ಮಾತ್ರೆ ಸಾಲದು ಎಂದು ದುಪ್ಪಟ್ಟು ಬರೆದುಕೊಟ್ಟರು. ಅಕ್ಕ ಆಗ ಊರಿನ ಇನ್ನೊಂದು ತುದಿಯಲ್ಲಿ ಯಾರದೋ ಕೂಸನ್ನು ತೂಕ ಮಾಡುತ್ತಿದ್ದಳು.

ಶನಿವಾರ ತಾತ ಹೊಲಿಗೆ ಯಂತ್ರದ ಮೇಲೇ ಕುಸಿದ. ಸಕ್ಕರೆ ಪಾತಾಳಕ್ಕಿಳಿದಿತ್ತು. ದೊಡ್ಡಾಸ್ಪತ್ರೆಗೆ ಸಾಗಿಸಿ ಎರಡು ದಿನವಾದರೂ ಎಚ್ಚರ ಬರಲಿಲ್ಲ. ದುಪ್ಪಟ್ಟು ಮಾತ್ರೆ ಬರೆದ ಚೀಟಿ ನೋಡಿದ ಕೂಡಲೇ ಅಕ್ಕನಿಗೆ ಎಲ್ಲ ಅರ್ಥವಾಯಿತು, ಮಾಡುವುದಕ್ಕೆ ಮಾತ್ರ ಏನೂ ಉಳಿದಿರಲಿಲ್ಲ.

ತಾತನ ಹೆಂಡತಿ ಬಂದು ಅವಳ ಕೈ ಹಿಡಿದುಕೊಂಡಳು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಜ್ಜಿ ಬೈಯಲಿಲ್ಲ.

"ನೀನು ಆಣೆ ಹಾಕಿದ್ಯಲ್ಲಮ್ಮ," ಎಂದಳು, "ಒಂದು ದಿನಾನೂ ತಪ್ಪಿಸ್ಲಿಲ್ಲ ಕಣೇ."