ಟೀಚರಮ್ಮನ ಸನ್ನೆಕೋಶ

ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಅವಳು ಟೀಚರಮ್ಮ. ಹುಟ್ಟಿನಿಂದಲೇ ಕಿವುಡನಾದ ತಮ್ಮನ ಜೊತೆ ಬೆಳೆದವಳಿಗೆ ಸನ್ನೆಭಾಷೆ ನೀರು ಕುಡಿದಷ್ಟು ಸಲೀಸು. ಅವನಿಂದ ಒಂದೊಂದೇ ಸನ್ನೆ ಮಾಡಿಸಿ, ವಿಡಿಯೊ ಹಿಡಿದು, ಪದ ಹುಡುಕಿದರೆ ಅದರ ಸನ್ನೆ ತೋರಿಸುವ 'ಸನ್ನೆಕೋಶ' ಎಂಬ ವೆಬ್ ಆ್ಯಪ್ ಕಟ್ಟಿದ್ದಳು. ಅದನ್ನು ಇರಿಸಿದ್ದು ಊರಿನ ಆಸಕ್ತರೆಲ್ಲ ಸೇರಿ ನಡೆಸುವ ಕ್ಲೌಡ್‌ನಲ್ಲಿ. ಅಲ್ಲಿ ಪ್ರತಿ ಆ್ಯಪ್‌ಗೂ ಒಂದೊಂದು ಕಂಟೇನರ್, ಅಂದರೆ ಬೇಕಾದ ಸಾಮಾನೆಲ್ಲ ತುಂಬಿಟ್ಟ ಡಬ್ಬಿ. ಡಬ್ಬಿಗಳು ಬೇರೆ, ಅವನ್ನೆಲ್ಲ ಹೊತ್ತ ಕಂಪ್ಯೂಟರ್ ಮಾತ್ರ ಒಂದೇ; ಒಂದು ಡಬ್ಬಿ ಹೆಚ್ಚು ತಿಂದರೆ ಉಳಿದವಕ್ಕೆ ಕೊರತೆ.

"ನಿನ್ನ ಡಬ್ಬಿಗೆ ನೊಣಾನೂ ಮುತ್ತಲ್ವಲ್ಲಮ್ಮಾ!" ಎಂದು, ಆ್ಯಪ್ ತೆರೆಯುವವರೇ ಇಲ್ಲದ್ದಕ್ಕೆ, ಮನೆಯಲ್ಲಿ ಮಾವ ಕಿಚಾಯಿಸುತ್ತಿದ್ದರು.

ಒಂದು ಮಧ್ಯಾಹ್ನ ಪಾಠದ ನಡುವೆ ಕ್ಲೌಡ್ ನೋಡಿಕೊಳ್ಳುವವನ ಫೋನು. "ಅಕ್ಕಾ, ಏನ್ ಮಾಡಿಬಿಟ್ರಿ? ನಿಮ್ಮ ಕಂಟೇನರ್ ಮೆಮೊರಿನೆಲ್ಲಾ ನುಂಗ್ತಿದೆ. ಬೇರೆಯವರ ಆ್ಯಪ್ ಎಲ್ಲಾ ಮಲಗಿಬಿಟ್ಟಿವೆ. ನಿಲ್ಲಿಸಿಬಿಡ್ಲಾ?"

ಆ್ಯಪಿಗೆ ಯಾರೋ ಕನ್ನ ಹಾಕಿರಬೇಕು ಎಂದುಕೊಂಡಳು ಅವಳು. "ನಿಲ್ಸಪ್ಪಾ" ಎನ್ನಲು ಬಾಯಿ ತೆರೆದವಳಿಗೆ, ಜನ ಸನ್ನೆಕೋಶದಲ್ಲಿ ಹುಡುಕುತ್ತಿದ್ದ ಪದಗಳು ಎದುರಿಗಿದ್ದ ಲ್ಯಾಪ್‌ಟಾಪಿನಲ್ಲಿ ಕಂಡವು. ಉಸಿರು. ಸುಟ್ಟಿದೆ. ಎಲ್ಲಿ ನೋವು. ಒಳಗೆ ಯಾರು.

"ಬೇಡ! ಮುಟ್ಟಬೇಡಪ್ಪಾ ಅದನ್ನ!"

ಸುದ್ದಿ ತೆರೆದು ನೋಡಿದರೆ, ಪಕ್ಕದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದಿತ್ತು. ಅಲ್ಲಿ ಹೊಲಿಯುವವರಲ್ಲಿ ಹೆಚ್ಚಿನವರು ಕಿವುಡರು. ಅವರೊಂದಿಗೆ ಮಾತಾಡಲು ಡಾಕ್ಟರರು, ಬೆಂಕಿ ಆರಿಸುವವರು, ದಿಕ್ಕೆಟ್ಟ ಬಂಧುಗಳು ಎಲ್ಲರೂ ಸನ್ನೆಕೋಶ ತೆರೆದು ಕೂತಿದ್ದರು. ವಿಡಿಯೊಗಳೋ ಮಧ್ಯೆ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಿದ್ದವು.

ಅವಳು ಕ್ಲೌಡ್ ಗುಂಪಿಗೆ ಸುದ್ದಿ ಬರೆದಳು. ತಮ್ಮ ಆ್ಯಪ್ ಮಲಗಿತೆಂದು ಅಷ್ಟು ಹೊತ್ತು ಗುಂಪಿನಲ್ಲಿ ಅವಳ ಮೇಲೆ ಹರಿಹಾಯುತ್ತಿದ್ದ ಪುಸ್ತಕದಂಗಡಿಯವರೇ ಮೊದಲು ಉತ್ತರಿಸಿದರು: "ಅಯ್ಯೋ, ನಂದು ನಿಲ್ಸಿ ಮೊದ್ಲು." ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಕಂಟೇನರ್ ನಿಲ್ಲಿಸಿದರು. ತೆರವಾದ ಜಾಗವೆಲ್ಲ ಸನ್ನೆಕೋಶಕ್ಕೆ ಸಿಕ್ಕಿತು. ತೆವಳುತ್ತಿದ್ದ ವಿಡಿಯೊಗಳು ಓಡತೊಡಗಿದವು.

ಸಂಜೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. "ಗಾಯ ಆದವಳೊಬ್ಬಳು ಏನೋ ಹೇಳ್ಬೇಕು ಅಂತ ಒದ್ದಾಡ್ತಿದ್ಲು ಮೇಡಂ. ನಿಮ್ಮ ಆ್ಯಪ್ ನೋಡ್ಕೊಂಡು ಕೇಳಿದ್ವಿ. ಉಗ್ರಾಣದಲ್ಲಿ ಇನ್ನೂ ಜನ ಇದಾರೆ ಅಂದ್ಲು. ಹೊರಗಿಂದ ಕೂಗಿದ್ರೂ ಒಳಗಿದ್ದವರಿಗೆಲ್ಲಿ ಕೇಳ್ಬೇಕು? ಬೆಂಕಿ ಆರಿಸೋರು ಗೋಡೆ ಒಡೆದು ಹೊರಗೆ ತಂದ್ರು. ಎಲ್ಲಾ ಉಸಿರಾಡ್ತಿದಾರೆ."

ನರ್ಸ್ ತಡೆದು ತಡೆದು ಮುಂದುವರಿಸಿದಳು: "ಹೇಳಿದವಳು ಮಾತ್ರ ಉಳೀಲಿಲ್ಲ. ನಿಮ್ಮ ಶಾಲೇಲೇ ಓದಿದವಳಂತೆ."

ಟೀಚರಮ್ಮ ಲ್ಯಾಪ್‌ಟಾಪಿನಲ್ಲಿ ಶಾಲೆಯ ಹಳೆಯ ಮಕ್ಕಳ ಪಟ್ಟಿ ತೆರೆದಳು. "ಯಾವ ಹುಡುಗಿ?" ಎಂದು ಕೇಳಿದಳು.