ನಲ್ಲಿಗೆ ಹಿಡಿದ ಕ್ಯಾನು

…ಅಥವಾ ಕಣ್ಣು ಉರಿದದ್ದೇ ಸುಳ್ಳಿರಬಹುದು, ನನ್ನನ್ನು ಉಳಿಸಿಕೊಳ್ಳಲು ಆಮೇಲೆ ಸೇರಿಸಿಕೊಂಡದ್ದು. ಕ್ಯಾನು ಮಾತ್ರ ನಿಜ. ಬಿಳಿ ಪ್ಲಾಸ್ಟಿಕ್ಕಿನದು, ಹಿಡಿಕೆ ಸೀಳಿತ್ತು.

ಎಂಬತ್ತರ ದಶಕದ ಕೊನೆ, ಮೇ ತಿಂಗಳು. ಚೆಂಬೂರಿನಾಚೆ ಉದ್ದನೆಯ ಶೆಡ್ಡೊಂದು ಏಳುತ್ತಿತ್ತು. ಬೇಡಿಕೆ ಇಳಿದಾಗಿನ ಕರೆಂಟನ್ನು ಬ್ಯಾಟರಿಗಳಲ್ಲಿ ತುಂಬಿಟ್ಟು, ಸಂಜೆ ಊರಿಗೆ ದೀಪ ಹತ್ತುವಾಗ ತಂತಿಗೆ ಮರಳಿಸುವ ಪ್ರಯೋಗ. ಅರ್ಧ ಚಾವಣಿ ಇನ್ನೂ ಬಂದಿರಲಿಲ್ಲ. ನಾನು ಆಂಟಾಪ್ ಹಿಲ್‌ನಿಂದ ಬಸ್ಸಿನಲ್ಲಿ ಬರುವ ಟ್ರೇನಿ. ಖಾಯಂ ಆಗಲು ಎರಡು ತಿಂಗಳಿತ್ತು.

ಚಾರ್ಜಾಗುವಾಗ ಸೆಲ್ಲುಗಳಲ್ಲಿ ನೀರು ಇಳಿಯುತ್ತದೆ. ಅದನ್ನು ತುಂಬುವವನು ವಿಜಾಪುರದ ಕಡೆಯ, ನನ್ನ ತಂದೆಯ ವಯಸ್ಸಿನ ಕಾಂಟ್ರಾಕ್ಟ್ ಕೆಲಸಗಾರ. ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರಿನ ಕ್ಲೋರಿನ್ ಸೆಲ್ಲನ್ನು ಒಳಗಿಂದ ತಿನ್ನುತ್ತದೆ. “ನಮ್ಮೂರಾಗ ಎಮ್ಮಿಗೆ ಹೋಗ್ಲಿ, ನಮಗೂ ಇಷ್ಟ ಚೊಕ್ಕ ನೀರ ಸಿಗೂದಿಲ್ರಿ ಸಾಹೇಬ್ರ,” ಎನ್ನುತ್ತಿದ್ದ.

ಆ ಮಧ್ಯಾಹ್ನ ಆತ ಊಟಕ್ಕೆ ಹೋಗಿದ್ದ. ನನ್ನ ಕಣ್ಣಿಗೆ ಹನಿ ಸಿಡಿದಂತಾಯಿತು. ಆಸಿಡ್ಡೋ, ಬೆವರೋ. ಕೈಗೆ ಸಿಕ್ಕ ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ಪೂರ್ತಿ ಮುಖಕ್ಕೆ ಸುರಿದುಕೊಂಡೆ. ಏನೂ ಆಗಿರಲಿಲ್ಲ. ಖಾಲಿ ಕ್ಯಾನು ಕಂಡರೆ ಪುಕ್ಕಲನೆಂದು ನಗುತ್ತಾರೆ ಎನ್ನಿಸಿ ನಲ್ಲಿಯಿಂದ ತುಂಬಿ ಅಲ್ಲೇ ಇಟ್ಟೆ. ಆಮೇಲೆ ಚೆಲ್ಲಬೇಕೆಂದಿದ್ದೆ. ಎಂದಿದ್ದೆನೇ? ಯಾರೋ ಆಫೀಸಿಗೆ ಕರೆದರು. ಮರಳಿದಾಗ ಆತ ಬಂದು ಸೆಲ್ಲುಗಳಿಗೆ ತುಂಬಿಯಾಗಿತ್ತು, ಕ್ಯಾನುಗಳೆಲ್ಲ ಖಾಲಿ.

ಶನಿವಾರ ಕೆಮಿಸ್ಟ್ ಬಂದು ಸೆಲ್ಲುಗಳಿಂದ ತೆಗೆದ ದ್ರವಕ್ಕೆ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟ. ಮೂರು ಗಾಜಿನ ನಳಿಕೆಗಳು ಬೆಳ್ಳಗಾದವು. ನಲ್ಲಿ ನೀರು ಎಂದ.

ಮುದುಕ ನಲ್ಲಿಯ ಹತ್ತಿರ ಕ್ಯಾನು ಹಿಡಿದು ನಿಂತದ್ದನ್ನು ಕಂಡವರಿದ್ದರು. ಎಂಜಿನಿಯರ್ ಹಿಂದಿಯಲ್ಲಿ ಗದರಿದ. ಆ ವರ್ಷವಷ್ಟೇ ಬಂದಿದ್ದ ಮುದುಕನ ಅರೆಬರೆ ಹಿಂದಿ ಹೆದರಿಕೆಗೆ ನಿಂತುಹೋಯಿತು. ನನ್ನ ಕಡೆ ತಿರುಗಿದ.

“ಕ್ಯಾನಿನ ಹೊರಗಿನ ಧೂಳ ತೊಳದೀನ್ರಿ, ಅಷ್ಟ. ಒಳಗ ಹನಿ ಹೋಗಿಲ್ಲ. ನೀವು ಅಲ್ಲೇ ಇರ್ತೀರಿ, ನೀವ ಹೇಳ್ರಿ.”

ಧೂಳಿನ ಮಾತನ್ನು ಹಿಂದಿಗೆ ತಿರುಗಿಸಿದೆ. ಕೊನೆಯದನ್ನು ತಿರುಗಿಸಿದೆನೋ ಇಲ್ಲವೋ. ನೀನು ನೋಡಿದೆಯಾ ಎಂದು ಎಂಜಿನಿಯರ್ ಕೇಳಿದಾಗ, ಇಲ್ಲ ಎಂದೆ.

ಸೋಮವಾರದಿಂದ ಆತನನ್ನು ಬರಬೇಡವೆಂದರು. ನಾನು ಖಾಯಮಾದೆ.

ಒಂದು ಕ್ಯಾನು ಎಷ್ಟು ಸೆಲ್ಲಿಗೆ ಸಾಲುತ್ತದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಮ್ಮೆ ಮೂರು ಅನ್ನಿಸುತ್ತದೆ, ಒಮ್ಮೆ ಐದು. ಬೆಳ್ಳಗಾದ ಆ ಮೂರರಲ್ಲಿದ್ದದ್ದು ನಾನು ತುಂಬಿದ ನೀರೇ ಎಂಬುದು ನನಗೆ ಗೊತ್ತಿಲ್ಲ. ಆತ ಎಲ್ಲಿಗೆ ಹೋದ ಎಂಬುದೂ ಗೊತ್ತಿಲ್ಲ, ನಾನು ವಿಚಾರಿಸಲಿಲ್ಲ.