ಅರ್ತ್‌ಗೆ ನೀರು ಹುಯ್ಯುತ್ತಿದ್ದ ದೊಡ್ಡಮ್ಮ

ಕಳೆದ ವಾರ ಮಗಳ ಲ್ಯಾಪ್‌ಟಾಪನ್ನು ಎತ್ತಿ ಪಕ್ಕಕ್ಕಿಡಲು ಹೋದೆ. ಚಾರ್ಜಿಗೆ ಹಾಕಿತ್ತು. ಅದರ ಲೋಹದ ಅಂಚು ಮಣಿಕಟ್ಟಿಗೆ ತಾಗಿದ್ದೇ ತಡ, ಇರುವೆ ಸಾಲು ಹರಿದ ಹಾಗೆ ಜುಮುಜುಮು ಎಂದಿತು. ಅಷ್ಟಕ್ಕೇ ನಾನು ಕಿರುಚಿಕೊಂಡು ಹಿಂದಕ್ಕೆ ಹಾರಿ ಗೋಡೆಗೆ ಬಡಿದುಕೊಂಡೆ. "ಅಮ್ಮಾ, ಪಯಪ್ಪಡಾದೆ, ಅದು ನಾರ್ಮಲ್. ಎರಡು ಪಿನ್ ಚಾರ್ಜರ್‌ಗೆ ಹಂಗೇ," ಎಂದಳು ಮಗಳು, ಪರದೆಯಿಂದ ಕಣ್ಣು ತೆಗೆಯದೆ. ಸೇಲಂನಲ್ಲೇ ಹುಟ್ಟಿ ಬೆಳೆದವಳು, ಹೆದರಬೇಡ ಎನ್ನುವುದನ್ನು ತಮಿಳಿನಲ್ಲೇ ಹೇಳುತ್ತಾಳೆ. ಅವಳು ಹೇಳಿದ್ದು ನಿಜವೇ. ಮೂರು ಪಿನ್ನಿನ ವೈರು ಹಾಕಿದರೆ ನಿಲ್ಲುತ್ತದೆ ಎಂದು ಅಂಗಡಿಯವನೂ ಹೇಳಿದ. ಅದೇ ಸಂಜೆ ತಂದು ಹಾಕಿದೆ, ನಿಂತಿತು. ಆದರೆ ಅಷ್ಟು ಹೊತ್ತಿಗೆ ಮಣಿಕಟ್ಟಿನ ಆ ಜುಮುಜುಮಿನ ಜೊತೆಗೇ ದೊಡ್ಡಮ್ಮ ನೆನಪಿಗೆ ಬಂದಾಗಿತ್ತು...

ದೊಡ್ಡಮ್ಮ ನಮಗೆ ರಕ್ತಸಂಬಂಧಿಯಲ್ಲ. ಸೇಲಂ ಜಿಲ್ಲೆಯ ಕೊಳತ್ತೂರಿನಾಚೆ, ಪಾಲಮಲೆ ಬೆಟ್ಟದ ಕೆಳಗಿರುವ, ಕನ್ನಡ ಮಾತಾಡುವ ನಮ್ಮೂರಿನಲ್ಲಿ ನಮ್ಮ ಎದುರು ಮನೆಯವಳು. ಅವ್ವ ಅವಳನ್ನು ಅಕ್ಕ ಎನ್ನುತ್ತಿದ್ದುದರಿಂದ ನನಗೂ ಅಣ್ಣನಿಗೂ ದೊಡ್ಡಮ್ಮ. ಮಳೆಗಾಲ ಮುಗಿದರೆ ಸಾಕು, ಬೆಳಗಾದರೆ ಪ್ಲಾಸ್ಟಿಕ್ ಕೊಡ ಸೊಂಟಕ್ಕಿಟ್ಟುಕೊಂಡು ಬೀದಿಯ ಒಂದೊಂದೇ ಮನೆಯ ಹಿತ್ತಲಿಗೆ ಹೋಗುತ್ತಿದ್ದಳು. ಗಿಡಕ್ಕಲ್ಲ, ದನಕ್ಕಲ್ಲ, ಅರ್ತ್ ಗುಂಡಿಗೆ ನೀರು ಹುಯ್ಯಲು. ಮನೆಯ ಕರೆಂಟು ಎಲ್ಲಾದರೂ ದಾರಿ ತಪ್ಪಿ ಮಿಕ್ಸಿಗೋ ಟಿವಿಗೋ ಹರಿದರೆ ಅದನ್ನು ನೆಲಕ್ಕೆ ಇಳಿಸಿಬಿಡಲೆಂದು ಇದ್ದಿಲು, ಉಪ್ಪು ತುಂಬಿ ಪೈಪು ಹೂತಿರುತ್ತಾರಲ್ಲ, ಆ ಗುಂಡಿ. ನಮ್ಮದು ಕಲ್ಲುನೆಲ. ಮಳೆ ನಿಂತ ಮೇಲೆ ಗುಂಡಿ ಒಣಗಿಬಿಡುತ್ತದೆ, ಒಣಗಿದರೆ ಇದ್ದೂ ಇಲ್ಲದ ಹಾಗೆ. ಕುಡಿಯುವ ನೀರಿಗೇ ಕೊಳಾಯಿಯ ಮುಂದೆ ಜಗಳವಾಗುವ ಊರಿನಲ್ಲಿ ಇವಳು ಕೊಡಗಟ್ಟಲೆ ನೀರನ್ನು ನೆಲಕ್ಕೆ ಹುಯ್ಯುವುದನ್ನು ಕಂಡು ಹೆಂಗಸರು ಕೆಂಡವಾಗುತ್ತಿದ್ದರು. ಗಂಡಸರು ನಗುತ್ತಿದ್ದರು. ದೊಡ್ಡಮ್ಮನಿಗೆ ಎರಡೂ ಕೇಳಿಸುತ್ತಿರಲಿಲ್ಲ.

ಅವಳು ಯಾರ ಮನೆಯೊಳಗೇ ಆಗಲಿ ರಬ್ಬರ್ ಚಪ್ಪಲಿ ಬಿಡದೆ ಬರುತ್ತಿದ್ದಳು. ನಮ್ಮ ಅಜ್ಜಿ ಇದ್ದಷ್ಟು ಕಾಲ ಇದಕ್ಕೆ ದಿನವೂ ಮಂಗಳಾರತಿ. ಕಬ್ಬಿಣದ್ದು, ತಗಡಿನದು ಯಾವುದಿದ್ದರೂ ಮೊದಲು ಕೈಯ ಹಿಂಬದಿಯಿಂದ ಸೋಕಿಸಿ ನೋಡಿ ಆಮೇಲೆ ಮುಟ್ಟುತ್ತಿದ್ದಳು. "ಅಂಗೈಲಿ ಮುಟ್ಟಿದ್ರೆ ಕೈ ತಾನಾಗೇ ಮಡಚ್ಕಂಡು ಇಡ್ಕಂಬುಡ್ತದೆ ಕಣವ್ವ. ಇಂಬದೀಲಿ ಮುಟ್ಟಿದ್ರೆ ಒದ್ದು ಆಚೆಗಾಕ್ತದೆ" ಎಂದು ನನಗೂ ಕಲಿಸಿದ್ದಳು. ನಾನು ಇವತ್ತಿಗೂ ವಾಷಿಂಗ್ ಮೆಷಿನ್ನನ್ನು ಹಾಗೆಯೇ ಮುಟ್ಟುತ್ತೇನೆ.

ಇದೆಲ್ಲ ಶುರುವಾದದ್ದು ಅವಳ ಗಂಡ ಹೋದ ಮೇಲೆ. ಅದನ್ನು ಅವಳೇ ನನಗೆ ಹೇಳಿದ್ದಳು, ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ. ಮಧ್ಯಾಹ್ನ ಹೊಲದಿಂದ ಬಂದವರು ಕೈಕಾಲು ತೊಳೆದು, ಮಜ್ಜಿಗೆಗೆಂದು ಫ್ರಿಜ್ಜಿನ ಬಾಗಿಲು ಹಿಡಿದಿದ್ದಾರೆ. ಹಳೆಯ ಫ್ರಿಜ್ಜು, ಒದ್ದೆ ಕಾಲು. ದೊಡ್ಡಮ್ಮ ಒಲೆಯ ಮುಂದೆ ಕೂತಿದ್ದವಳು ಅವರ ಬೆನ್ನು ಮಾತ್ರ ನೋಡುತ್ತಿದ್ದಳು. "ಸದ್ದೇ ಇಲ್ಲ ಕಣವ್ವ. ಕೂಗ್ಲಿಲ್ಲ, ಬೀಳ್ಲಿಲ್ಲ. ಮಜ್ಜಿಗೆ ಕಣ್ಮುಂದೇನೇ ಐತೆ, ಇನ್ನೇನ್ ಉಡುಕೋದು, ಕಿವಿ ಕೇಳ್ಸಾಕಿಲ್ವಾ, ನಿಂತಿರೋದು ನೋಡು ಕಲ್ಲಿನಂಗೆ... ಅಂತ ಬೈದೆ. ಅಲ್ಲಿಗೂ ಮಾತಿಲ್ಲ. ಇನ್ನೂ ಬೈದೆ." ಅವಳು ಎದ್ದು ಹೋಗಿ ನೋಡುವಷ್ಟರಲ್ಲಿ ಮುಗಿದಿತ್ತು. "ಎರ್ತ್ ಕಾಂಜು ಪೋಚುಮ್ಮಾ," ಅರ್ತ್ ಒಣಗಿಹೋಗಿದೆ ಎಂದು ಲೈನ್‌ಮನ್ ಗುಂಡಿ ನೋಡಿ ಹೇಳಿದನಂತೆ. ಮುಟ್ಟಿದ ಕ್ಷಣಕ್ಕೇ ಪ್ರಾಣ ಹೋಗಿದೆ, ನೀನು ಏನೂ ಮಾಡುವ ಹಾಗಿರಲಿಲ್ಲ ಎಂದು ಊರೆಲ್ಲ ಅವಳಿಗೆ ಸಮಾಧಾನ ಹೇಳಿತಂತೆ. ದೊಡ್ಡಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಆ ಗಳಿಗೇಲೇ ಓಗ್ಬುಟ್ಟಿದ್ರು. ನಾ ಬೈದಿದ್ದು ಅವ್ರಿಗೆ ಗೊತ್ತಿಲ್ಲ" ಎಂದು ಅವಳು ಹುಣಸೆಬೀಜ ಪಕ್ಕಕ್ಕೆ ಎಸೆದಳು. ನನಗೆ ಮಾತ್ರ ಬಹಳ ದಿನ ಆ ಬೆನ್ನೇ ಕಣ್ಣಿಗೆ ಕಟ್ಟುತ್ತಿತ್ತು. ಫ್ರಿಜ್ಜಿನ ಮುಂದೆ ಯಾರು ನಿಂತಿದ್ದರೂ ಅವರು ಅಲುಗುವವರೆಗೆ ನನ್ನ ಉಸಿರು ಸರಾಗವಾಗಿ ಬರುತ್ತಿರಲಿಲ್ಲ.

ನಾನು ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ ಸೇರಿದಾಗ ಅಪ್ಪ ಸೇಲಂನಿಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದರು. ದಪ್ಪ ಹೊಟ್ಟೆಯ ಮಾನಿಟರು, ಬೂದು ಬಣ್ಣದ ತಗಡಿನ ಡಬ್ಬಿ. ಬೀದಿಗೆ ಅದೇ ಮೊದಲನೆಯದು. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಮೇಲಿನ ದೊಡ್ಡ ತೂತಿಗೆ ಯಾವುದೋ ಹಬ್ಬದಲ್ಲಿ ಸುಣ್ಣ ಹೊಕ್ಕು ಗಟ್ಟಿಯಾಗಿತ್ತು. ಕಂಪ್ಯೂಟರಿನ ಮೂರು ಪಿನ್ನಿನ ಪ್ಲಗ್ಗು ಎಷ್ಟು ಒತ್ತಿದರೂ ಹೋಗಲಿಲ್ಲ. ಅಣ್ಣ ಗರಗಸ ತಂದು ಮೇಲಿನ ದಪ್ಪ ಪಿನ್ನನ್ನು ಕುಯ್ದುಹಾಕಿದ. ಡಬ್ಬಿ ಗುಂಯ್ ಎಂದು ಎದ್ದಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ದೊಡ್ಡಮ್ಮ ನೋಡಲು ಬಂದವಳು ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಪ್ಲಗ್ಗಿನ ಹತ್ತಿರ ಹೋಗಿ ಬಗ್ಗಿದಳು.

"ಇದ್ರ ಮೇಲಿನ್ ಕಾಲು ಎಲ್ಲಿಲಾ?"

"ಅದು ಸುಮ್ಮಾ ಇರೋದು ದೊಡ್ಡಮ್ಮ. ಅದಿಲ್ದೇನೂ ಓಡ್ತದೆ," ಎಂದ ಅಣ್ಣ.

"ಓಡ್ತದೆ ಕಣ್ಲಾ, ಓಡ್ತದೆ. ಗುಂಡಿಗೆ ಓಗೋದು ಆ ಕಾಲೇ ಅಲ್ವಾ? ಅದ್ನೇ ಕುಯ್ದಾಕಿದ್ಮ್ಯಾಕೆ ನಾ ದಿನಾ ನೀರ್ ಉಯ್ಯೋದು ಯಾವನ್ಗೆ?"

ಅಣ್ಣ ನಕ್ಕುಬಿಟ್ಟ. ಅಪ್ಪ, ಬರುವ ವಾರ ಎಲೆಕ್ಟ್ರಿಷಿಯನ್ ಕರೆಸೋಣ ಎಂದರು. ಬರುವ ವಾರ ಎನ್ನುವುದು ನಮ್ಮ ಮನೆಯಲ್ಲಿ ಯಾವತ್ತೂ ಬಂದದ್ದಿಲ್ಲ.

ಅಂದಿನಿಂದ ನಾನು ಕಂಪ್ಯೂಟರಿನ ಮುಂದೆ ಕೂತಾಗೆಲ್ಲ ದೊಡ್ಡಮ್ಮ ಹೊಸ್ತಿಲಲ್ಲಿ ಕೂರುತ್ತಿದ್ದಳು. ಡಬ್ಬಿಗೆ ಮೊಣಕಾಲು ತಾಗಿದರೆ ಜುಮುಜುಮು ಎನ್ನುತ್ತಿತ್ತು. ಹೇಳಿದರೆ ಕಂಪ್ಯೂಟರನ್ನೇ ವಾಪಸು ಕಳಿಸಿಬಿಡುತ್ತಾರೆಂದು ಯಾರಿಗೂ ಹೇಳದೆ ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಳ್ಳುತ್ತಿದ್ದೆ. ಅವಳ ಎಚ್ಚರಿಕೆಗಳಲ್ಲಿ ಅರ್ಧ ಸರಿ, ಅರ್ಧ ಬರೀ ಕಂಗಾಲು. ವೈರು ಹಿಡಿದು ಎಳೆಯಬೇಡ, ಪ್ಲಗ್ಗು ಹಿಡಿದು ತೆಗೆ ಎನ್ನುವುದು ಸರಿ. ಒದ್ದೆ ತಲೆಯಲ್ಲಿ ಮೌಸ್ ಮುಟ್ಟಬೇಡ ಎನ್ನುವುದಕ್ಕೆ ಏನೆನ್ನಲಿ? ಆದರೂ ನಾನು ಎರಡನ್ನೂ ಒಂದೇ ಹೆದರಿಕೆಯಿಂದ ಪಾಲಿಸುತ್ತಿದ್ದೆ.

ಪೊಂಗಲ್ ಹತ್ತಿರ ಬಂದಿತ್ತು. ಕಂಪ್ಯೂಟರೊಂದನ್ನು ಬಿಟ್ಟು ಸಾಮಾನೆಲ್ಲ ಅಂಗಳಕ್ಕೆ ಹಾಕಿ ಮನೆ ತೊಳೆದಿದ್ದೆವು, ನೆಲ ಇನ್ನೂ ಆರಿರಲಿಲ್ಲ. ಅಪ್ಪನೂ ಅಣ್ಣನೂ ಹೊಲದ ಕಡೆ ಹೋಗಿದ್ದರು. ಕೆಲಸ ಬೇಸರವಾಗದಿರಲೆಂದು ಕಂಪ್ಯೂಟರಿನಲ್ಲಿ ಹಾಡು ಹಾಕಿ ನಾನು ಅಡುಗೆಮನೆಯಲ್ಲಿ ಡಬ್ಬಗಳನ್ನು ಒರೆಸುತ್ತಿದ್ದೆ. ಅವ್ವ ಒದ್ದೆ ಬಟ್ಟೆ ಹಿಡಿದು ಕಂಪ್ಯೂಟರಿನ ಧೂಳು ಒರೆಸಲು ಕೂತಳು.

"ಅವ್ವಾ, ಈ ಕಡ್ಲೆಬ್ಯಾಳೆ ಉಳ ಇಡ್ದೈತೆ, ಬಿಸಾಕ್ಲಾ?" ಎಂದೆ. ಉತ್ತರವಿಲ್ಲ. ಹಾಡು ನಡೆಯುತ್ತಿತ್ತು. "ಅವ್ವಾ!" ಎಂದೆ ಮತ್ತೆ. ಹಾಡೇ ಕೇಳಿಸುತ್ತಿತ್ತು. ಒಂದು ಕೆಲಸ ಹಚ್ಚಿಕೊಂಡರೆ ಇವಳಿಗೆ ಲೋಕವೇ ಬೇಡ ಎಂದು ಸಿಡುಕು ಬಂತು. ಡಬ್ಬ ಹಿಡಿದುಕೊಂಡೇ ಬಾಗಿಲಿಗೆ ಬಂದು ಇಣುಕಿದೆ. ಅವ್ವ ನನಗೆ ಬೆನ್ನು ಮಾಡಿ, ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಲಗೈ ಕಂಪ್ಯೂಟರಿನ ತಗಡು ಡಬ್ಬಿಯ ಹಿಂಭಾಗದಲ್ಲಿತ್ತು. ಒರೆಸುತ್ತಿರಲಿಲ್ಲ. ಹಾಡಿನ ಸಂದಿನಲ್ಲಿ ಅವಳ ಬಳೆಗಳು ಸಣ್ಣಗೆ, ಬಿಡುವೇ ಇಲ್ಲದೆ ಕಿಣಿಕಿಣಿ ಎನ್ನುತ್ತಿದ್ದವು.

ಆ ಬೆನ್ನನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡು ಹೆದರಿದ್ದೆ. ಈಗ ಅದು ನನ್ನ ಅವ್ವನದಾಗಿತ್ತು. ಏನು ಮಾಡಬೇಕೆಂದು ದೊಡ್ಡಮ್ಮ ಗಿಳಿಗೆ ಹೇಳಿದ ಹಾಗೆ ಹೇಳಿಕೊಟ್ಟಿದ್ದಳು. ಒಂದೂ ನೆನಪಾಗಲಿಲ್ಲ. ಓಡಿಹೋಗಿ ಅವ್ವನನ್ನು ತಬ್ಬಿಕೊಳ್ಳಬೇಕು ಎನಿಸಿತು, ತಬ್ಬಿಕೊಂಡರೆ ನಾನೂ ಹೋಗುತ್ತೇನೆ ಎಂದೂ ಎನಿಸಿತು. ಕಡೆಗೆ ಬಂದದ್ದು ಒಂದೇ ಮಾತು. "ದೊಡ್ಡಮ್ಮಾ!"

ಅವಳು ನಮ್ಮ ಹಿತ್ತಲಲ್ಲೇ ಇದ್ದಳು, ಗುಂಡಿಯ ಹತ್ತಿರ. ಚಪ್ಪಲಿ ಚಟಚಟ ಎನ್ನಿಸಿಕೊಂಡು ಬಂದವಳು ಒಂದು ಸಲ ನೋಡಿದಳು. ಬಟ್ಟೆ ಒಣಹಾಕುವ ಬಿದಿರುಕೋಲನ್ನು ಮೂಲೆಯಿಂದ ಎಳೆದುಕೊಂಡು ಅವ್ವನ ಮಣಿಕಟ್ಟಿಗೆ ಬೀಸಿ ಹೊಡೆದಳು. ಕೈ ಬಿಡಲಿಲ್ಲ. ಇನ್ನೊಂದು ಹೊಡೆದಳು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವ್ವ ಪಕ್ಕಕ್ಕೆ ಉರುಳಿದಳು. ದೊಡ್ಡಮ್ಮ ಕೋಲಿನಿಂದಲೇ ಸ್ವಿಚ್ಚು ಆರಿಸಿದಳು, ಹಾಡು ನಿಂತಿತು. ಆ ನಿಶ್ಶಬ್ದದಲ್ಲಿ ಅವ್ವ ಸತ್ತೇಹೋದಳು ಎಂದುಕೊಂಡೆ...

ಅವ್ವ ಸಾಯಲಿಲ್ಲ. ದೊಡ್ಡಮ್ಮ ಅವಳನ್ನು ಒಣ ಚಾಪೆಗೆ ಎಳೆದುಕೊಂಡು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಪಾದ ಉಜ್ಜುತ್ತಾ ಕೂತಳು. ಅವ್ವ ಕಣ್ಣು ಬಿಟ್ಟಳು. ನನ್ನನ್ನು ನೋಡಿ ಅತ್ತಳು. ಆಮೇಲೆ ಮಾತು ಬಂತು. ಬದುಕಿ ಬಂದವರ ಮಾತು, ತಡೆಯುವುದು ಕಷ್ಟ.

"ಕೂಸು ಕೂಗಿದ್ದೆಲ್ಲಾ ಕೇಳ್ತಿತ್ತು ಕಣಕ್ಕ. ಕಡ್ಲೆಬ್ಯಾಳೆ ಅಂದಿದ್ದೂ ಕೇಳ್ತು. ಬಾಯೇ ಬರಾಕಿಲ್ಲ. ಬಂದ್ ನೋಡ್ಲೇ, ಎದ್ ಬಂದ್ ನೋಡ್ಲೇ ಅಂತ ಒಳಗೊಳಗೇ ಬಡ್ಕತಿದ್ದೆ."

ಪಾದ ಉಜ್ಜುತ್ತಿದ್ದ ದೊಡ್ಡಮ್ಮನ ಕೈ ನಿಂತಿತು.

"ಎಲ್ಲಾನೂ ಕೇಳ್ತಾ?"

"ಎಲ್ಲಾನೂ ಅಕ್ಕ."

ದೊಡ್ಡಮ್ಮ ಅವ್ವನ ಕಾಲನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಎದ್ದಳು. ಬೀದಿ ದಾಟಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಕೊಡ ನಮ್ಮ ಹಿತ್ತಲಲ್ಲೇ ಉಳಿಯಿತು.

ಅವ್ವನ ಕೈಗೆ ಕಟ್ಟು ಹಾಕಿಸಿದರು. ಡಬ್ಬಿ ಬಿಚ್ಚಿದ ಎಲೆಕ್ಟ್ರಿಷಿಯನ್, ಒಳಗೆ ಇಲಿ ಕಡಿದ ವೈರು ತಗಡಿಗೆ ತಾಗುತ್ತಿದ್ದುದನ್ನು ತೋರಿಸಿದ. ಮೇಲಿನ ಪಿನ್ನು ಇದ್ದಿದ್ದರೆ ಕರೆಂಟು ಗುಂಡಿಗೆ ಇಳಿದು ಫ್ಯೂಸು ಹೋಗುತ್ತಿತ್ತು, ಅಷ್ಟೇ ಎಂದ. ಅಣ್ಣ ಊಟ ಬಿಟ್ಟು ಗೋಡೆಯ ಪ್ಲಗ್ಗಿನ ತೂತಿನ ಸುಣ್ಣ ಕೆರೆಯುತ್ತಾ ಕೂತಿದ್ದ. ದೊಡ್ಡಮ್ಮ ಯಾಕೆ ಹಾಗೆ ಹೋದಳೆಂದು ಆ ಗಲಾಟೆಯಲ್ಲಿ ಯಾರೂ ಕೇಳಲಿಲ್ಲ. ನನಗೆ ಹೊಳೆದದ್ದು ಮರುದಿನ, ಕೊಡ ಕೊಡಲು ಹೋದಾಗ. ಬಾಗಿಲು ತೆರೆದವಳ ಮುಖ ರಾತ್ರಿಯೆಲ್ಲ ಅತ್ತು ಬಾತಿತ್ತು. ಅಷ್ಟು ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದ ಒಂದೇ ನಂಬಿಕೆಯನ್ನು ನಮ್ಮವ್ವ ಬದುಕಿಬಂದು ಕಿತ್ತುಕೊಂಡಿದ್ದಳು. ಹಾಗಾದರೆ ಅವಳ ಗಂಡನೂ ಆಗಿನ್ನೂ ಬದುಕಿದ್ದಿರಬಹುದು. ಹಾಗಾದರೆ ಅವರೂ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರು ಕೊನೆಗೆ ಕೇಳಿದ್ದು ಅವಳ ಬೈಗುಳ.

ಆಮೇಲೆ ದೊಡ್ಡಮ್ಮ ನಮ್ಮ ಮನೆಗೆ ಬರಲಿಲ್ಲ. ಗುಂಡಿಗಳಿಗೆ ನೀರು ಹುಯ್ಯುವುದನ್ನೂ ಬಿಟ್ಟಳು. ಅವ್ವ ಕೃತಜ್ಞತೆಯಿಂದ ಹಬ್ಬಹಬ್ಬಕ್ಕೂ ಸೀರೆ, ತಿಂಡಿ ಕಳಿಸುತ್ತಿದ್ದಳು. ದೊಡ್ಡಮ್ಮ ಇಸಿದುಕೊಂಡು ಒಳಗಿಡುತ್ತಿದ್ದಳಂತೆ. ಕೆಲವು ವರ್ಷ ಕಳೆದ ಮೇಲೆ, ಧರ್ಮಪುರಿಗೆ ಮದುವೆಯಾಗಿ ಹೋಗಿದ್ದ ಅವಳ ಮಗಳು ಬಂದು ಅಲ್ಲಿಗೆ ಕರೆದುಕೊಂಡು ಹೋದಳು.

ಅಲ್ಲಿಗೆ ನಾನೊಮ್ಮೆ ಹೋಗಿದ್ದೆ. ನನಗೆ ಕುಡಿಯಲು ತಣ್ಣೀರು ತರುತ್ತೇನೆಂದು ಎದ್ದವಳು ಬರಿಗಾಲಿನಲ್ಲಿ ಹೋಗಿ ಫ್ರಿಜ್ಜಿನ ಹಿಡಿಯನ್ನು ಅಂಗೈ ತುಂಬ ಹಿಡಿದಳು. ಅವಳಿಗೆ ಕರೆಂಟಿನ ಹೆದರಿಕೆಯೇ ಹೋಗಿಬಿಟ್ಟಿತ್ತು. ಅದಕ್ಕಿಂತ ಹೆದರಿಕೆಯಾಗುವಂಥದ್ದನ್ನು ನಾನು ಅವಳಲ್ಲಿ ಯಾವತ್ತೂ ಕಂಡಿರಲಿಲ್ಲ.

ನೀರು ಕೊಟ್ಟು ಎದುರು ಕೂತು, ದನಿ ತಗ್ಗಿಸಿ ಕೇಳಿದಳು. "ನಿಮ್ಮವ್ವ ಅವತ್ತು ಎಲ್ಲಾ ಕೇಳ್ತು ಅಂದ್ಳಲ್ಲ ಮಗ... ನಿಜವಾಗ್ಲೂ ಕೇಳ್ತಂತಾ?"

"ಇಲ್ಲ ದೊಡ್ಡಮ್ಮ," ಎಂದೆ. "ನಾ ಆಮ್ಯಾಕೆ ಯೋಳಿದ್ದನ್ನೇ ಅವ್ವ ಆವಾಗ್ಲೇ ಕೇಳ್ದೆ ಅಂದ್ಕೊಂಡೈತೆ."

ಅವಳು ನನ್ನ ಮುಖವನ್ನೇ ನೋಡಿದಳು. "ಒಳ್ಳೇ ಕೂಸು ನೀನು. ಸುಳ್ ಯೋಳಾಕ್ ಬರಾಕಿಲ್ಲ ನಿಂಗೆ" ಎಂದು ಲೋಟ ಇಸಿದುಕೊಂಡು ಒಳಗೆ ಹೋದಳು. ಅದೇ ಕೊನೆ. ಹೋದ ವರ್ಷ ಮಲಗಿದ್ದಲ್ಲೇ ತೀರಿಹೋದಳೆಂದು ಅವಳ ಮಗಳು ಫೋನು ಮಾಡಿದಳು. ಅವಳ ಗಂಡ ಫ್ರಿಜ್ಜು ಮುಟ್ಟಿದ ಕ್ಷಣಕ್ಕೇ ಹೋಗಿದ್ದರೋ, ಕೇಳಿಸಿಕೊಳ್ಳುತ್ತಾ ನಿಂತಿದ್ದರೋ, ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ, ಕೆಲವರ ಎದೆಬಡಿತ ತಕ್ಷಣವೇ ನಿಂತುಬಿಡುತ್ತದೆ ಎಂದು ನಾನು ಆಮೇಲೆ ಓದಿಕೊಂಡೆ. ಅದನ್ನಾದರೂ ಹೇಳಬಹುದಿತ್ತು. ಹೇಳಲು ಈಗ ದೊಡ್ಡಮ್ಮ ಇಲ್ಲ.

ಈ ಸೇಲಂ ಮನೆಯಲ್ಲಿ ಕರೆಂಟು ಸ್ವಲ್ಪ ಸೋರಿದರೂ ತಾನಾಗಿ ಬಿದ್ದುಹೋಗುವ ಸ್ವಿಚ್ಚಿದೆ. ನನ್ನ ಹೆದರಿಕೆಗೆ ಅಂಥದ್ದೇನೂ ಇಲ್ಲ. ನಿನ್ನೆ ಸಂಜೆ ಅಡುಗೆಮನೆಯಿಂದ ಮಗಳನ್ನು ಕರೆದೆ. ಓಗೊಡಲಿಲ್ಲ. ಮತ್ತೆ ಕರೆದೆ. ಬೈಗುಳ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡು, ಒಲೆ ಆರಿಸಿ, ಎದ್ದು ಹೋಗಿ ನೋಡಿದೆ. ನನಗೆ ಬೆನ್ನು ಮಾಡಿ ಕೂತಿದ್ದಳು. ಹೆಗಲು ಮುಟ್ಟಿದೆ. ಕಿವಿಯಿಂದ ಇಯರ್‌ಬಡ್ ತೆಗೆದು, "ಕೂಗಿದ್ಯಾಮ್ಮಾ? ಕೇಳಿಸಲೇ ಇಲ್ಲ" ಎಂದಳು. ಕೇಳಿಸಲಿಲ್ಲ ಎಂಬ ಆ ಒಂದು ಮಾತಿಗೆ ನನಗೆ ಅಳು ಬಂದುಬಿಟ್ಟಿತು.